ಮೂರು ಎಳೆ ಹಬೆ

ಗ್ವಾಯಾಕಿಲ್ ಊರಿನ ಪಶ್ಚಿಮಕ್ಕೆ, ಉಪ್ಪುನೀರಿನ ಹಿನ್ನೀರಿನ ಕಡೆ ಇಳಿಯುವ ಹದಿನೇಳನೆಯ ಬೀದಿಯಲ್ಲಿ ಊಟದಂಗಡಿಯ ಬೋರ್ಡನ್ನು ಯಾರೂ ಓದುವುದಿಲ್ಲ. ಅಕ್ಷರ ಬರದೆ ಅಲ್ಲ. ಬೋರ್ಡಿನಲ್ಲಿ ಒಂದು ತಟ್ಟೆ ಇರುತ್ತದೆ, ತಟ್ಟೆಯ ಮೇಲೆ ಹಬೆ ಇರುತ್ತದೆ, ಜನ ಹಬೆಯ ಎಳೆ ಎಣಿಸುತ್ತಾರೆ. ಮೂರು ಎಳೆ ಕಂಡರೆ ಒಳಗೆ ಹೋಗಿ ಕೂರುತ್ತಾರೆ. ಎರಡಿದ್ದರೆ ಹಸಿವು ಎಷ್ಟಿದೆ ಎಂದು ಹೊಟ್ಟೆಯನ್ನು ಒಮ್ಮೆ ವಿಚಾರಿಸಿಕೊಳ್ಳುತ್ತಾರೆ. ಒಂದೇ ಎಳೆ ಇದ್ದರೆ ಅಂಗಡಿಯವನನ್ನು ನಗುನಗುತ್ತಾ ಮಾತಾಡಿಸಿ, ಮನೆಮಂದಿಯ ಆರೋಗ್ಯ ಕೇಳಿ, ಮುಂದಿನ ಮೂಲೆಗೆ ನಡೆಯುತ್ತಾರೆ.

ಈ ಪದ್ಧತಿ ಶುರುವಾದದ್ದು ಬೋರ್ಡು ಬರೆಯುವ ವಿಲ್ಫ್ರಿದೊ ತೊಮಾಲಾನಿಂದ. ಅರವತ್ತೆರಡರ ಕುಳ್ಳ ಮನುಷ್ಯ, ಪೊದೆ ಮೀಸೆ, ಉಗುರಿನ ಸಂದಿಯಲ್ಲಿ ಸದಾ ನೀಲಿ ಬಣ್ಣ. ಅವನು ಬರೆದ ಹಂದಿಗಳು ಅಡುಗೆಯವರ ಟೋಪಿ ಹಾಕಿಕೊಂಡು, ತಮ್ಮನ್ನು ತಾವೇ ಬಾಣಲೆಯಲ್ಲಿ ಹುರಿದುಕೊಳ್ಳುತ್ತಾ ಹಲ್ಲು ಕಿರಿಯುತ್ತವೆ. ಅವನ ಏಡಿಗಳು ಗಿಟಾರು ಬಾರಿಸುತ್ತವೆ. ಯಾವ ಸುಖಕ್ಕೆ ನಗುತ್ತವೆ ಎಂದು ನಮ್ಮ ಕಡೆ ಯಾರೂ ಕೇಳಿದ್ದಿಲ್ಲ. ಅಳುವ ಹಂದಿಯ ಮಾಂಸ ತಿನ್ನಲು ಯಾರಿಗೆ ಮನಸ್ಸು ಬರುತ್ತದೆ?

ಅವನ ಕೆಲಸಕ್ಕೊಂದು ಕಟ್ಟುಪಾಡು ಇತ್ತು. ಗೋಡೆಗೆ ಬಿಳಿ ಹೊಡೆಯುವ ಮುಂಚೆ ಆ ಅಂಗಡಿಯಲ್ಲಿ ಕೂತು ಒಂದು ತಟ್ಟೆ ಊಟ ಮಾಡಬೇಕು, ಅದೂ ಎಲ್ಲರ ಹಾಗೆ ದುಡ್ಡು ಕೊಟ್ಟು. ಪುಕ್ಕಟೆ ತಿಂದ ನಾಲಿಗೆ ಮಾಲೀಕನ ಕಡೆಗೆ ವಾಲುತ್ತದೆ ಎಂದು ಅವನ ಅಭಿಪ್ರಾಯ. ತಿನ್ನುವಾಗ ಮಾತಿಲ್ಲ. ತಿಂದ ಮೇಲೆ ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಎರಡು ಮೊಳೆಗಳ ನಡುವೆ ಬಿಗಿದು, ಎಳೆದು ಪಟ್ಟನೆ ಬಿಟ್ಟು ಗೋಡೆಗೆ ಗೆರೆ ಹೊಡೆಯುತ್ತಿದ್ದ. ಮೊದಲು ಅಕ್ಷರ, ಆಮೇಲೆ ಪ್ರಾಣಿ, ಆಮೇಲೆ ತಟ್ಟೆ. ಹಬೆ ಕಟ್ಟಕಡೆಗೆ. ಬಿಳಿಗೆ ಒಂದು ಹನಿ ನೀಲಿ ಬೆರೆಸಿ, ಉದ್ದ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಅದನ್ನು ಮತ್ತೆ ತಿದ್ದುವಂತಿಲ್ಲ.

ಇಷ್ಟೆಲ್ಲ ಶಾಸ್ತ್ರ ಹುಟ್ಟಿದ್ದು ಮಾತ್ರ ಒಂದು ಖಾಲಿ ಡಬ್ಬಿಯಿಂದ. ಮೂವತ್ತೆಂಟು ವರ್ಷದ ಹಿಂದೆ ವಿಲ್ಫ್ರಿದೊ ತನ್ನ ಹೆಂಡತಿಯ ಅಣ್ಣ ಎವುಸೆಬಿಯೊನ ಸುಟ್ಟ ಮಾಂಸದಂಗಡಿಗೆ ಬೋರ್ಡು ಬರೆಯುತ್ತಿದ್ದ. ಹಬೆ ಬರೆಯುವ ಹೊತ್ತಿಗೆ ಬಿಳಿ ಬಣ್ಣ ತೀರಿತು. ಒಂದು ಎಳೆಗೆ ಸಾಕಾಯಿತು, ಅಷ್ಟೇ. ಅಲ್ಲೇ ನಿಂತಿದ್ದ ಕ್ಷೌರಿಕ ಸೆನೋನ್, "ಇದೇನಪ್ಪಾ, ಒಂದೇ ಎಳೆ?" ಎಂದು ಕೇಳಿದ. ಹಿಂದಿನ ದಿನ ಅದೇ ಮಾಂಸ ಜಗಿದು ದವಡೆ ನೋಯಿಸಿಕೊಂಡಿದ್ದ ವಿಲ್ಫ್ರಿದೊ ಯೋಚಿಸದೆ, "ಅವನ ಮಾಂಸಕ್ಕೆ ಅಷ್ಟು ಸಾಕು" ಎಂದುಬಿಟ್ಟ. ಕ್ಷೌರದಂಗಡಿಯಲ್ಲಿ ಬಿದ್ದ ಮಾತು ಬೀದಿ ಸುತ್ತಲು ಎಷ್ಟು ಹೊತ್ತು? ಎವುಸೆಬಿಯೊ ಎರಡು ಕ್ರಿಸ್‌ಮಸ್ ಕಳೆಯುವವರೆಗೆ ತಂಗಿಯ ಗಂಡನ ಮುಖ ನೋಡಲಿಲ್ಲ. ಆದರೆ ಅಂದಿನಿಂದ ಬೋರ್ಡು ಬರೆಸಲು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, "ನನಗೆಷ್ಟು?" ಎಂದು. ಒಂದೆಳೆಯವರು ಹೊಟ್ಟೆಕಿಚ್ಚಿಗಾದರೂ ಅಡುಗೆ ತಿದ್ದಿಕೊಂಡು ಮತ್ತೆ ಕರೆಯುತ್ತಿದ್ದರು. ಅವನು ಬಂದು, ತಿಂದು, ಸರಿ ಅನ್ನಿಸಿದರೆ ಎಳೆ ಸೇರಿಸುತ್ತಿದ್ದ. ಹೀಗೆ ನಮ್ಮ ಬೀದಿಯ ಊಟ ಸುಧಾರಿಸಿತು. ಇದರ ಶ್ರೇಯಸ್ಸು ಬೇರೆ ಯಾರಾದರೂ ತೆಗೆದುಕೊಂಡರೆ ನಂಬಬೇಡಿ.

ಆಮೇಲೆ ಆ ಜ್ವರದ ವರ್ಷ ಬಂತು. ಆ ವರ್ಷದ ಬಗ್ಗೆ ನಮ್ಮ ಊರು ಹೆಚ್ಚು ಮಾತಾಡುವುದಿಲ್ಲ. ವಿಲ್ಫ್ರಿದೊ ಹದಿನಾಲ್ಕು ದಿನ ಮಲಗಿ ಎದ್ದ. ಎದ್ದ ದಿನ ಹೆಂಡತಿ ನಾರ್ಸಿಸಾ ನಿಂಬೆಹಣ್ಣು ಹಿಂಡಿ ಲೋಟ ಕೈಗಿತ್ತಳು. ಕುಡಿದ. ಬಾಯಿ ಒದ್ದೆಯಾಯಿತು, ಅಷ್ಟೇ. ಹುಳಿ ಇಲ್ಲ, ಸಿಹಿ ಇಲ್ಲ, ಏನೂ ಇಲ್ಲ. ನಾಳೆ ಬರುತ್ತದೆ ಅಂದುಕೊಂಡ. ಆಸ್ಪತ್ರೆಯವರೂ ಹಾಗೇ ಅಂದರು. ನಾಳೆ ನಾಳೆ ಅನ್ನುತ್ತಾ ಮೂರು ವರ್ಷ ಆಯಿತು, ನಾಲಿಗೆ ಸತ್ತದ್ದು ಸತ್ತೇ ಇತ್ತು. ಬಿಸಿ ಗೊತ್ತಾಗುತ್ತಿತ್ತು, ತಣ್ಣಗೆ ಗೊತ್ತಾಗುತ್ತಿತ್ತು, ಗಟ್ಟಿ ಮೆತ್ತಗೆ ಗೊತ್ತಾಗುತ್ತಿತ್ತು. ರುಚಿ, ವಾಸನೆ ಮಾತ್ರ ಇಲ್ಲ.

ಅವನು ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಹಂದಿಗೆ ಟೋಪಿ ಯಾರು ಬೇಕಾದರೂ ಬರೆಯಬಹುದು, ಮುಖ್ಯರಸ್ತೆಯ ಅಂಗಡಿಯಲ್ಲಿ ಯಂತ್ರವೇ ಅದನ್ನು ಅಚ್ಚು ಹಾಕಿ ಕೊಡುತ್ತದೆ. ವಿಲ್ಫ್ರಿದೊನನ್ನು ಜನ ಕರೆಯುತ್ತಿದ್ದದ್ದು ಅವನ ಕೈಗಲ್ಲ, ನಾಲಿಗೆಗೆ. ನಾಲಿಗೆ ಹೋಯಿತು ಎಂದರೆ ಅವನೇ ಹೋದ ಹಾಗೆ. ಆದ್ದರಿಂದ ಅವನೊಂದು ಉಪಾಯ ಮಾಡಿದ. ಊಟಕ್ಕೆ ಕೂತು ತನ್ನ ತಟ್ಟೆ ನೋಡುವ ಬದಲು ಪಕ್ಕದವರ ಮುಖ ನೋಡುತ್ತಿದ್ದ. ಮುಖ ಅರಳಿತೋ ಇಲ್ಲವೋ ಎಂದು ಪೂರ್ತಿ ನಂಬಿಕೆ ಬರದೆ, ಕೊನೆಗೆ ಎಲ್ಲರಿಗೂ ಎರಡೆಳೆ ಬರೆದುಬಿಡುತ್ತಿದ್ದ. ಎರಡೆಳೆಯಿಂದ ಯಾರ ಹೊಟ್ಟೆಯ ಮೇಲೂ ಹೊಡೆದ ಹಾಗಾಗದು, ಸುಳ್ಳೂ ಅಷ್ಟು ದೊಡ್ಡದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬೀದಿಗೆ ಕುತೂಹಲ ಹತ್ತಿತು. ಮೂರು ವರ್ಷದಿಂದ ಬರೀ ಎರಡು, ಎರಡು, ಎರಡು. ಯಾಕೆ?

"ಕೌನ್ಸಿಲರ್ ಎಲೆಕ್ಷನ್‌ಗೆ ನಿಲ್ತಾನೆ ಕಣ್ರೋ," ಎಂದ ಕ್ಷೌರಿಕ ಸೆನೋನ್. "ಎಲ್ಲರಿಗೂ ಸಮ ಅಂದ್ರೆ ಅದೇ ಅರ್ಥ."

"ಹಲ್ಲು ಸೆಟ್ಟು ಹಾಕಿಸ್ಕೊಂಡಿದಾನೆ. ಹೊಸ ಹಲ್ಲಿಗೆ ಎಲ್ಲ ಒಂದೇ," ಎಂದ ಗಡ್ಡ ಹೆರೆಸಿಕೊಳ್ಳುತ್ತಿದ್ದವನು.

ಮನೆಯಲ್ಲಿ ನಾರ್ಸಿಸಾಳದು ಬೇರೆಯೇ ಊಹೆ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಅವಳು, ಮೂವತ್ತೈದು ವರ್ಷ ಗಂಡನಿಂದ ಅನ್ನ ಮೆತ್ತಗಾಯಿತು, ಬೇಳೆಗೆ ಉಪ್ಪಿಲ್ಲ, ಬಾಳೆಕಾಯಿ ಕರಿದದ್ದು ಸಾಲದು ಎಂದು ಕೇಳಿಸಿಕೊಂಡವಳು. ಈಗ ಮೂರು ವರ್ಷದಿಂದ ಒಂದು ಆಕ್ಷೇಪಣೆ ಇಲ್ಲ. ಅವಳಿಗೆ ಅನುಮಾನ ಬಂದು, ಒಂದು ದಿನ ಬೇಕೆಂದೇ ಬೇಳೆಗೆ ಮುಷ್ಟಿ ಉಪ್ಪು ಸುರಿದು, ತಾನು ಮೊಟ್ಟೆ ಬೇಯಿಸಿಕೊಂಡು ತಿಂದಳು. ವಿಲ್ಫ್ರಿದೊ ತಟ್ಟೆ ಬಳಿದು, "ಚೆನ್ನಾಗಿತ್ತು ಮುದುಕಿ" ಎಂದ. ಅವಳು ಆ ಸಂಜೆಯೇ ತನ್ನ ತಂಗಿಗೆ ಹೇಳಿದಳು: "ಹೆಂಗಸಿದಾಳೆ ಕಣೇ. ತಪ್ಪು ಮಾಡಿದ ಗಂಡಸು ಮಾತ್ರ ಅಂಥಾ ಬೇಳೆನ ಹೊಗಳ್ತಾನೆ."

ವಿಷಯ ಹೀಗಿರುವಾಗ ಸೊಯ್ಲಾ ಪಿಲಾಯ್ ಬಂದಳು. ಸಮುದ್ರದಂಡೆಯ ಹಳ್ಳಿಯವಳು, ನಲವತ್ತೈದರ ಆಸುಪಾಸು, ಬೀದಿಗೆ ಹೊಸಬಳು. ಎನ್ಸೆಬೊಯಾದೊ ಅಂಗಡಿ ಹಾಕುವವಳಿದ್ದಳು. ಅಂದರೆ ಮರಗೆಣಸು ಹಾಕಿ ಕುದಿಸಿದ ಮೀನಿನ ಸಾರು, ಮೇಲೆ ನಿಂಬೆರಸದಲ್ಲಿ ನೆನೆಸಿದ ಈರುಳ್ಳಿ. ನಮ್ಮ ಊರು ಬೆಳಿಗ್ಗೆ ಕಣ್ಣು ಬಿಡುವುದೇ ಅದರಿಂದ. ಧೈರ್ಯ ನೋಡಿ, ಅವಳು ಬಾಡಿಗೆಗೆ ಹಿಡಿದ ಕೋಣೆ ದೊನ್ಯಾ ಮೆರ್ಸೆದೆಸ್ ಯಗ್ವಾಲಳ ಅಂಗಡಿಯ ಎದುರಿಗೇ ಇತ್ತು. ಮೆರ್ಸೆದೆಸ್ ಇಪ್ಪತ್ತಾರು ವರ್ಷದಿಂದ ಅದೇ ಸಾರು ಬಡಿಸುತ್ತಿರುವ ಎಪ್ಪತ್ತರ ಹೆಂಗಸು, ಬೀದಿಯವರೆಲ್ಲ ಗೌರವದಿಂದ ದೊನ್ಯಾ ಎಂದೇ ಕರೆಯುವವಳು. ಅವಳ ಬೋರ್ಡಿನಲ್ಲಿ ಜ್ವರದ ವರ್ಷಕ್ಕಿಂತ ಎಷ್ಟೋ ಮೊದಲೇ ಬರೆದ ಮೂರು ಎಳೆ, ಬೀದಿಗೆಲ್ಲ ಎದ್ದು ಕಾಣುವ ಹಾಗೆ.

"ಅಣ್ಣಾ, ನನಗೂ ಒಂದು ಬೋರ್ಡು ಬರ್ಕೊಡಿ," ಎಂದಳು ಸೊಯ್ಲಾ. "ಒಂದೇ ಎಳೆ ಹಾಕಿದ್ರೂ ಬೇಜಾರಿಲ್ಲ. ಆದ್ರೆ ನಿಮ್ಮ ನಾಲಿಗೆ ಏನು ಹೇಳುತ್ತೋ ಅದನ್ನೇ ಹಾಕಿ. ದಾಕ್ಷಿಣ್ಯ ಬೇಡ."

ಇಷ್ಟು ವರ್ಷ ಬಂದವರೆಲ್ಲ ಮೂರು ಕೇಳಿದ್ದರು. ಒಂದಾದರೂ ಸರಿ, ನಿಜ ಬೇಕು ಎಂದವಳು ಇವಳೊಬ್ಬಳೇ. ವಿಲ್ಫ್ರಿದೊ ಸರಿ ಎಂದು ತಲೆ ಆಡಿಸಿದ.

ಅಂಗಡಿ ಇನ್ನೂ ತೆರೆದಿರಲಿಲ್ಲ. ಆದ್ದರಿಂದ ಪಕ್ಕದಲ್ಲಿ ಉಣ್ಣುವವರೂ ಇಲ್ಲ, ನೋಡಲು ಮುಖಗಳೂ ಇಲ್ಲ. ಅವನು ಒಬ್ಬನೇ ಬೆಂಚಿನ ಮೇಲೆ ಕೂತ. ಸೊಯ್ಲಾ ಬೋಗುಣಿ ತಂದಿಟ್ಟು, ಎದುರಿಗೆ ನಿಂತು, ಎರಡು ಕೈಯಲ್ಲೂ ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆ ಹಿಂಡತೊಡಗಿದಳು. ಮೀನು ಒಡೆಯದೆ ಪದರಪದರವಾಗಿ ಬಿಡುತ್ತಿತ್ತು. ಮರಗೆಣಸು ಬಾಯಿಗಿಟ್ಟ ಕೂಡಲೇ ಕರಗಿತು. ಈರುಳ್ಳಿ ಕಾಗದದಷ್ಟು ತೆಳು, ಕರುಂ ಅನ್ನುತ್ತಿತ್ತು. ಕೈ ಪಳಗಿದ ಕೈ, ಅನುಮಾನವಿಲ್ಲ. ಆದರೆ ರುಚಿ? ಅವನು ಸಾರನ್ನು ನಾಲಿಗೆಯ ಮೇಲೆ ಹಿಡಿದು, ಕಣ್ಣು ಮುಚ್ಚಿ ಕಾದ. ಬಿಸಿನೀರು. ಕಣ್ಣು ಬಿಟ್ಟರೆ ಸೊಯ್ಲಾ ಅವನ ತುಟಿಯನ್ನೇ ನೋಡುತ್ತಿದ್ದಳು, ಉಸಿರಾಡುತ್ತಿದ್ದಳೋ ಇಲ್ಲವೋ.

"ಹೇಗಿದೆ?" ಎಂದಳು.

"ಬೋರ್ಡಲ್ಲಿ ಹೇಳ್ತೀನಿ," ಎಂದು ದುಡ್ಡಿಟ್ಟು ಎದ್ದ.

ಎರಡು ದಿನ ಕೂತು ಬರೆದ. ಕಪ್ಪು ಕನ್ನಡಕ ಹಾಕಿದ ದೊಡ್ಡ ಮೀನು, ಸಾರಿನ ಬೋಗುಣಿಯೊಳಗೆ ಬೆನ್ನು ಒರಗಿಸಿ ಸ್ನಾನ ಮಾಡುತ್ತಿದೆ, ಕೈಯಲ್ಲಿ ನಿಂಬೆಹೋಳು. ಕೆಂಪು ಅಕ್ಷರ, ಹಳದಿ ಅಂಚು. ಹೀಗೆ ಎಲ್ಲ ಮುಗಿಯಿತು, ಹಬೆ ಮಾತ್ರ ಉಳಿಯಿತು. ಕುಂಚ ಎತ್ತಿದ, ಇಳಿಸಿದ. "ಬಣ್ಣ ಒಣಗಲಿ," ಎಂದು ಏಣಿ ಹೊತ್ತು ಮನೆಗೆ ಹೋದ.

ನಮ್ಮ ಗ್ವಾಯಾಕಿಲ್ ಬಿಸಿಲಿನಲ್ಲಿ ಬಣ್ಣ ಒಣಗಲು ಐದು ದಿನ ಬೇಕೆಂದರೆ ಯಾರು ನಂಬುತ್ತಾರೆ? ಬೀದಿಯವರು ಬೆಳಿಗ್ಗೆ ಸಂಜೆ ಬಂದು ಮೀನಿನ ತಲೆಯ ಮೇಲಿನ ಖಾಲಿ ಜಾಗ ನೋಡಿ ಹೋಗತೊಡಗಿದರು. ಬಿಯರಿನ ಪಂದ್ಯ ಕಟ್ಟಿದರು. ಅಂಗಡಿ ತೆರೆಯದೆ ಸೊಯ್ಲಾ ಬಾಗಿಲಲ್ಲಿ ಕೂತಿದ್ದಳು. ಎದುರಿನಿಂದ ಮೆರ್ಸೆದೆಸ್ ಸೌಟು ಎತ್ತಿ ಕೂಗುತ್ತಿದ್ದಳು, "ಏನಮ್ಮಾ, ನಿನ್ನ ಮೀನು ಇನ್ನೂ ತಣ್ಣೀರಲ್ಲೇ ಮಲಗಿದೆಯಲ್ಲ, ಶೀತ ಆಗುತ್ತೆ ಅದಕ್ಕೆ!"

ಐದನೆಯ ದಿನ ಮಧ್ಯಾಹ್ನ ಸ್ತಾಲಿನ್ ಚಲೇನ್ ಎಂಬವನು ವಿಲ್ಫ್ರಿದೊನನ್ನು ಬೀದಿಯಲ್ಲೇ ಹಿಡಿದು ನಿಲ್ಲಿಸಿದ. ಹೆಸರು ಕೇಳಿ ಹೆದರಬೇಡಿ. ಅಪ್ಪ ಯಾವುದೋ ಹುರುಪಿನಲ್ಲಿ ಇಟ್ಟ ಹೆಸರು, ಆಸಾಮಿ ಬೆಕ್ಕಿಗೂ ಗದರದವನು. ಕಡಲೇಕಾಯಿ ಅರೆದು ಹಾಕಿ ಮಾಡುವ ಬೋಟಿ ಸಾರಿನ ಅಂಗಡಿ ಅವನದು, ಅವನಮ್ಮನ ಕಾಲದ್ದು. ಅಮ್ಮ ಜ್ವರದ ವರ್ಷ ಹೋದಳು. ಅವನು ಗೋಡೆ ಹೊಸದಾಗಿ ಕಟ್ಟಿಸಿ ಬೋರ್ಡು ಮತ್ತೆ ಬರೆಸಿದ್ದ.

"ದೊನ್ ವಿಲ್ಫ್ರಿದೊ, ಐದು ನಿಮಿಷ ಬನ್ನಿ. ಒಂದು ತುತ್ತು ನೋಡಿ ಸಾಕು," ಎಂದು ಕೈ ಹಿಡಿದು ಒಳಗೆ ಕೂರಿಸಿದ. "ಈಗ ಸರಿಯಾಗಿರಬೇಕು."

"ಏನು ಸರಿಯಾಗಿರಬೇಕು?"

"ಅಮ್ಮ ಇದ್ದಾಗ ಮೂರೆಳೆ ಇತ್ತಲ್ಲ. ನಾನು ಕೂತ ಮೇಲೆ ನೀವು ಎರಡು ಹಾಕಿದ್ರಿ. ಅಮ್ಮ ಮಾಡಿದ ಹಾಗೇ ಮಾಡ್ತಿದ್ದೆ ನಾನು, ಆಣೆ ಮಾಡಿ ಹೇಳ್ತೀನಿ. ಹಾಗಾದ್ರೆ ಎಲ್ಲೋ ನನ್ನ ಕೈ ತಪ್ಪಿರಬೇಕು ಅಂತ ಬದಲಾಯಿಸಿದೆ. ಕಡಲೇಕಾಯಿ ಕಲ್ಲಲ್ಲಿ ಅರೆಯೋದು ಬಿಟ್ಟೆ, ಹಾಲು ಹಾಕಿ ನೋಡಿದೆ. ಆಮೇಲೆ ಕೊತ್ತಂಬರಿ ತೆಗೆದೆ. ಈಗ ಮೂರನೇ ಸಲ ಬದಲಾಯಿಸಿದೀನಿ." ಅವನು ಧ್ವನಿ ತಗ್ಗಿಸಿದ. "ನಿಜ ಹೇಳ್ಬೇಕಂದ್ರೆ, ಅಮ್ಮ ಹೇಗೆ ಮಾಡ್ತಿದ್ಲು ಅನ್ನೋದೇ ಈಗ ಕಲಸಿಹೋಗಿದೆ. ಆದ್ರೆ ನೀವು ತಿಂದು ಹೇಳಿದ್ರೆ ಸಾಕು."

ವಿಲ್ಫ್ರಿದೊ ತಟ್ಟೆ ನೋಡಿದ. ಸಾರು ಬಿಳಿಚಿಕೊಂಡಿತ್ತು. ಈ ಸ್ತಾಲಿನ್ ಅಮ್ಮನ ಬೋಟಿ ಸಾರನ್ನು ಅವನು ನೂರು ಸಲ ತಿಂದಿದ್ದ, ಅದರದು ಹುರಿದ ಗೋಡಂಬಿಯ ಬಣ್ಣ ಎಂದು ಕಣ್ಣಿಗೆ ನೆನಪಿತ್ತು. ಅದು ಹೋಗಿತ್ತು. ಅದನ್ನು ಅಳಿಸಿದವನು ತಾನು, ಯಾರಿಗೂ ನೋವಾಗದು ಎಂದು ಎಳೆದ ಆ ಎರಡು ಗೆರೆಯಿಂದ. ಅವನಿಗೆ ನಾಚಿಕೆಯಾಯಿತು. ಸುಮ್ಮನೆ ಆಗುವ ನಾಚಿಕೆಯಲ್ಲ, ಕೂತಲ್ಲಿ ಕೂರಲಾಗದ ನಾಚಿಕೆ. ಒಂದು ತುತ್ತೂ ತಿನ್ನದೆ, "ಸ್ತಾಲಿನ್, ನಾಳೆ ಬೆಳಿಗ್ಗೆ ಸೊಯ್ಲಾಳ ಅಂಗಡಿ ಹತ್ರ ಬಾ. ಅಲ್ಲಿ ಹೇಳ್ತೀನಿ," ಎಂದು ಎದ್ದು ಹೊರಟ.

ನೇರ ಸೊಯ್ಲಾಳ ಅಂಗಡಿಗೆ ಹೋದ. ಅವಳು ಒಲೆಯ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಮೊದಲು ಇವಳಿಗೆ ಹೇಳಬೇಕು, ಇವಳು ಕೇಳಿದ್ದು ನಿಜವೊಂದನ್ನೇ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿಬಿಟ್ಟಾಗ ಎಲ್ಲ ಒಟ್ಟಿಗೇ ಬಿದ್ದುಹೋಯಿತು.

"ತಾಯೀ, ನಿನ್ನ ಸಾರು ಹೇಗಿದೆ ಅಂತ ನನಗೆ ಗೊತ್ತಿಲ್ಲ. ನನ್ನ ನಾಲಿಗೆ ಸತ್ತು ಮೂರು ವರ್ಷ ಆಯ್ತು. ಆ ಜ್ವರದಲ್ಲಿ. ಉಪ್ಪು ಗೊತ್ತಾಗಲ್ಲ, ಹುಳಿ ಗೊತ್ತಾಗಲ್ಲ. ಎಲ್ಲರಿಗೂ ಸುಳ್ಳು ಬರ್ಕೊಂಡು ಬಂದಿದೀನಿ. ನಿನಗೆ ಬರೆಯೋಕೆ ಕೈ ಏಳ್ತಾ ಇಲ್ಲ."

ಸೊಯ್ಲಾಳ ಕೈಯಲ್ಲಿ ಚಾಕು ನಿಂತಿತು. ಅವನನ್ನು ನೋಡಿದಳು. ಆಮೇಲೆ ಅವಳು ನಕ್ಕಳು. ಬಾಯಿಗೆ ಅಂಗೈ ಅಡ್ಡ ಹಿಡಿದರೂ ತಡೆಯದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನನ್ನು ಆಡಿಕೊಳ್ಳುತ್ತಿದ್ದಾಳೆ ಅಂದುಕೊಂಡ ವಿಲ್ಫ್ರಿದೊ ಮುಖ ಕೆಂಪಗೆ ಮಾಡಿಕೊಂಡು ಬಾಗಿಲ ಕಡೆ ತಿರುಗಿದ. ಅಷ್ಟರಲ್ಲಿ ನಗು ಅಳುವಾಗಿತ್ತು.

"ಹೋಗ್ಬೇಡಿ ಅಣ್ಣಾ. ಕೂತ್ಕೊಳ್ಳಿ. ನನಗೂ ಇಲ್ಲ."

"ಏನಿಲ್ಲ?"

"ರುಚಿ. ಅದೇ ಜ್ವರ. ಅದೇ ವರ್ಷ." ಮೊಣಕೈಯಿಂದ ಕಣ್ಣೊರೆಸಿಕೊಂಡಳು. "ಈ ಸಾರು ಹೇಗಿದೆ ಅಂತ ನನಗೂ ಗೊತ್ತಿಲ್ಲ. ಅಮ್ಮನ ಕೈ ನೋಡಿ ಕಲಿತಿದ್ದೆ. ಜೀರಿಗೆ ಎಷ್ಟು, ಬೆರಳಿಗೆ ಗೊತ್ತು. ಈರುಳ್ಳಿ ಬೆಂದಿದ್ದು ಸದ್ದಿಂದ ಗೊತ್ತಾಗುತ್ತೆ. ಮೀನು ಬೆಂದಿದ್ದು ನೊರೆ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ಬಾಯಲ್ಲಿ ಹೇಗಿದೆ? ಮನೆಯವರನ್ನ ಕೇಳಿದ್ರೆ ಚೆನ್ನಾಗಿದೆ, ಚೆನ್ನಾಗಿದೆ ಅಂತಾರೆ. ಪಾಪ ಅಂತ ಹೇಳ್ತಾರೋ, ನಿಜ ಹೇಳ್ತಾರೋ. ಅದಕ್ಕೇ ನಿಮ್ಮ ಹತ್ರ ಬಂದೆ. ಹದಿನೇಳನೇ ಬೀದೀಲಿ ಒಬ್ಬನಿದಾನೆ, ಹೆಂಡ್ತಿ ಅಣ್ಣನಿಗೂ ಒಂದೇ ಎಳೆ ಹಾಕಿದವನು, ಅವನೊಬ್ಬ ಸುಳ್ಳು ಹೇಳಲ್ಲ ಅಂದ್ರು."

ವಿಲ್ಫ್ರಿದೊ ಬೆಂಚಿನ ಮೇಲೆ ಕುಸಿದ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಅದರ ಮುಂದೆ ಕೂತ ಇಬ್ಬರಿಗೂ ಅದರ ವಾಸನೆ ತಿಳಿಯುತ್ತಿರಲಿಲ್ಲ.

"ಅಮ್ಮನ ರುಚಿ ಇದರಲ್ಲಿ ಇದೆಯೋ ಇಲ್ಲವೋ, ಅಷ್ಟು ಗೊತ್ತಾದ್ರೆ ಸಾಕಿತ್ತು ನನಗೆ," ಎಂದಳು ಸೊಯ್ಲಾ. "ಅಂಗಡಿ ನಡೀಲಿ, ಬಿಡ್ಲಿ."

ಮರುದಿನ ಶನಿವಾರ. ಬೆಳಿಗ್ಗೆ ಎಂಟಕ್ಕೆ ವಿಲ್ಫ್ರಿದೊ ಏಣಿ ಹೊತ್ತು ಬಂದ ಸುದ್ದಿ ಕ್ಷೌರದಂಗಡಿಗೆ ಮುಟ್ಟಿತು, ಅಲ್ಲಿಂದ ಬೀದಿಗೆಲ್ಲ. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡವನೂ ಎದ್ದು ಬಂದ. ಸ್ತಾಲಿನ್ ಬಂದ. ನಾರ್ಸಿಸಾ ಕೊರಳಲ್ಲಿ ಹೊಲಿಗೆಯ ಟೇಪು ಹಾಕಿಕೊಂಡೇ ಬಂದಳು. ಎದುರಿಗೆ ಮೆರ್ಸೆದೆಸ್ ತನ್ನ ಗಿರಾಕಿಗಳಿಗೆ ಬಡಿಸುವುದು ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ವಿಲ್ಫ್ರಿದೊ ಏಣಿ ಹತ್ತಿ ಮೂರನೆಯ ಮೆಟ್ಟಿಲಲ್ಲಿ ನಿಂತು, ಗೋಡೆಗೆ ಬೆನ್ನು ಮಾಡಿ ಜನರ ಕಡೆ ತಿರುಗಿದ.

"ಎಷ್ಟು ಹಾಕ್ತೀಯೋ, ಬೇಗ ಹಾಕು! ನನ್ನ ಬಿಯರ್ ಕಾಯ್ತಾ ಇದೆ!" ಎಂದು ಸೆನೋನ್ ಕೂಗಿದ.

"ಒಂದೂ ಹಾಕಲ್ಲ," ಎಂದ ವಿಲ್ಫ್ರಿದೊ. "ನನಗೆ ರುಚಿ ಗೊತ್ತಾಗಲ್ಲ. ಜ್ವರ ಬಂದಾಗಿಂದ. ಇವಳ ಸಾರೂ ಗೊತ್ತಾಗ್ಲಿಲ್ಲ, ನಿಮ್ಮ ಯಾರದೂ ಗೊತ್ತಾಗಿಲ್ಲ. ಮೂರು ವರ್ಷದಿಂದ ನಾನು ಬರೆದ ಎರಡೆಳೆ ಎಲ್ಲಾ ಸುಳ್ಳು."

ಬೀದಿ ಮೌನವಾಯಿತು. ನಮ್ಮ ಬೀದಿ ಮೌನವಾಗುವುದು ಫುಟ್‌ಬಾಲಿನಲ್ಲಿ ಹಳದಿ ಅಂಗಿಯ ನಮ್ಮ ತಂಡ ಸೋತಾಗ ಮಾತ್ರ. ಆ ಮೌನದಲ್ಲಿ ಮೊದಲು ಕೇಳಿಸಿದ್ದು ಸ್ತಾಲಿನ್ ಧ್ವನಿ. ಜನ್ಮದಲ್ಲಿ ಮೊದಲ ಸಲ ಅವನು ಕೂಗಿದ.

"ಹಾಗಾದ್ರೆ ಅಮ್ಮನದು ಸರಿಯಾಗೇ ಇತ್ತಲ್ರೀ! ನಾನು ಮಾಡ್ತಿದ್ದದ್ದು ಸರಿಯಾಗೇ ಇತ್ತು! ನಿಮ್ಮ ಮಾತು ಕಟ್ಕೊಂಡು ಅದನ್ನ ಹಾಳು ಮಾಡ್ಕೊಂಡೆನಲ್ರೀ ನಾನು!"

"ಹೌದು," ಎಂದ ವಿಲ್ಫ್ರಿದೊ. "ನನ್ನ ತಪ್ಪು. ನಿನ್ನದೇನೂ ಇಲ್ಲ."

ಸ್ತಾಲಿನ್ ಫುಟ್‌ಪಾತಿನ ಅಂಚಿನಲ್ಲಿ ಕೂತು ಮುಖ ಮುಚ್ಚಿಕೊಂಡ. ಸೆನೋನ್ ಹೋಗಿ ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈಯಿಟ್ಟು, "ಕಲ್ಲು ಇದೆಯಲ್ಲೋ ಮನೇಲಿ. ಅರೆಯೋಕೆ ಶುರು ಮಾಡು. ನಿಮ್ಮಮ್ಮನ ಸಾರು ತಿಂದವರು ಇಲ್ಲಿ ಅರವತ್ತು ಜನ ಇದೀವಿ, ಒಬ್ಬೊಬ್ಬರೂ ಬಂದು ಹೇಳ್ತೀವಿ, ಅದೇ ಬರೋ ತನಕ," ಎಂದ. ತುಂಟನಾದರೂ ಒಳ್ಳೆಯವನು ಸೆನೋನ್.

ಅಷ್ಟರಲ್ಲಿ ನಾರ್ಸಿಸಾ ಗುಂಪು ಸೀಳಿಕೊಂಡು ಏಣಿಯ ಬುಡಕ್ಕೆ ಬಂದಿದ್ದಳು.

"ಅಯ್ಯೋ ಮುದುಕಾ! ಆ ಉಪ್ಪಿನ ಬೇಳೆ!"

"ಯಾವ ಬೇಳೆ?"

"ಮುಷ್ಟಿ ಉಪ್ಪು ಹಾಕಿದ್ದೆ ಕಣೋ! ಬಳಿದು ತಿಂದು ಚೆನ್ನಾಗಿತ್ತು ಅಂದೆ! ಒಂದು ವರ್ಷದಿಂದ ಆ ಹೆಂಗಸು ಯಾರು ಯಾರು ಅಂತ ಬೀದೀಲಿರೋರ ಮುಖ ಎಲ್ಲಾ ನೋಡ್ತಾ ಇದೀನಿ ನಾನು!"

ಬೀದಿಗೆ ಬೀದಿಯೇ ನಕ್ಕಿತು. ನಾರ್ಸಿಸಾ ಮಾತ್ರ ನಗಲಿಲ್ಲ. ಏಣಿಯ ಮೇಲಿದ್ದ ಗಂಡನ ಕಾಲು ಹಿಡಿದು ನಿಂತು, ಅವನಿಗೆ ಮಾತ್ರ ಕೇಳಿಸುವ ಹಾಗೆ, "ನನಗಾದ್ರೂ ಹೇಳ್ಬಾರದಾಗಿತ್ತಾ," ಎಂದಳು.

ಆಗ ದೊನ್ಯಾ ಮೆರ್ಸೆದೆಸ್ ರಸ್ತೆ ದಾಟಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಬೇರೊಬ್ಬರ ಅಂಗಡಿಗೆ ಕಾಲಿಟ್ಟದ್ದನ್ನು ಕಂಡವರಿಲ್ಲ. ಕುಂಟುತ್ತಾ ಬಂದು, ಯಾರನ್ನೂ ಕೇಳದೆ, ಸೊಯ್ಲಾಳ ಬೆಂಚಿನ ಮೇಲೆ ಕೂತು ಮೇಜು ತಟ್ಟಿದಳು.

"ಒಂದು ಬೋಗುಣಿ ತಗೊಂಬಾ ಹುಡುಗಿ. ಇವನಿಗೆ ನಾಲಿಗೆ ಇಲ್ದಿದ್ರೆ ಏನಾಯ್ತು, ನನಗಿದೆ."

ಸೊಯ್ಲಾ ಬಡಿಸಿದಳು. ಮೆರ್ಸೆದೆಸ್ ಮೊದಲು ಬರೀ ಸಾರು ಕುಡಿದಳು. ಆಮೇಲೆ ಮೀನು. ಆಮೇಲೆ ಈರುಳ್ಳಿ. ನಿಂಬೆ ಹಿಂಡಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಬಾಗಿಲಲ್ಲಿ, ಕಿಟಕಿಯಲ್ಲಿ ಜನ ಕತ್ತು ಚಾಚಿ ನಿಂತಿದ್ದರು. ಬೋಗುಣಿ ಎತ್ತಿ ಕೊನೆಯ ಹನಿ ಕುಡಿದು, ಬಾಯಿ ಒರೆಸಿಕೊಂಡು, ಸೌಟಿನ ಕಡೆ ಬೋಗುಣಿ ಚಾಚಿದಳು.

"ಕೊಸರು ಹಾಕು," ಎಂದಳು.

ಬೇರೆ ಅಂಗಡಿಯವಳು ಕೊಸರು ಕೇಳಿದಳು! ಹೊರಗೆ ಯಾರೋ ಶಿಳ್ಳೆ ಹಾಕಿದರು. ಮೆರ್ಸೆದೆಸ್ ಆ ಕಡೆ ತಿರುಗಿಯೂ ನೋಡದೆ ಅದನ್ನೂ ಕುಡಿದು ಮುಗಿಸಿ, ಏಣಿಯ ಮೇಲಿದ್ದ ವಿಲ್ಫ್ರಿದೊನಿಗೆ ಕೂಗಿದಳು.

"ಏಯ್ ವಿಲ್ಫ್ರಿದೊ! ಮೂರು ಹಾಕೋ. ನನಗೆ ಹೊಟ್ಟೆ ಉರೀತಿದೆ. ಆದ್ರೂ ಹಾಕು."

ವಿಲ್ಫ್ರಿದೊ ಗೋಡೆಗೆ ತಿರುಗಿದ. ಉಸಿರು ಬಿಗಿಹಿಡಿದು, ಕೆಳಗಿನಿಂದ ಮೇಲಕ್ಕೆ, ಒಂದು, ಎರಡು, ಮೂರು. ಏಣಿ ಇಳಿದು ಒಳಗೆ ಬಂದಾಗ ಸೊಯ್ಲಾ ಮೆರ್ಸೆದೆಸ್ ಎದುರಿಗೆ ನಿಂತೇ ಇದ್ದಳು, ಖಾಲಿ ಬೋಗುಣಿ ಎದೆಗೊತ್ತಿಕೊಂಡು.

"ದೊನ್ಯಾ ಮೆರ್ಸೆದೆಸ್," ಎಂದಳು, "ನನಗೂ ಗೊತ್ತಾಗಲ್ಲ. ಅವರ ಹಾಗೇ. ಹೇಗಿದೆ ಅಂತ ಹೇಳ್ತೀರಾ? ಚೆನ್ನಾಗಿದೆ ಅನ್ಬೇಡಿ. ಹೇಗಿದೆ ಅಂತ ಹೇಳಿ."

ಮೆರ್ಸೆದೆಸ್ ಅವಳನ್ನು ನೋಡಿದಳು, ಅವನನ್ನು ನೋಡಿದಳು. ಅಡುಗೆ ಮಾಡಿದವಳಿಗೇ ಅದರ ರುಚಿ ಗೊತ್ತಿಲ್ಲ ಎಂಬುದು ಅವಳ ತಲೆಗಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬೆಂಚು ತಟ್ಟಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ಅವಳ ಅಂಗಡಿಯಲ್ಲಿ ಗಿರಾಕಿಗಳು ಕರೆಯುತ್ತಿದ್ದರು, ಕಿವಿಗೆ ಹಾಕಿಕೊಳ್ಳಲಿಲ್ಲ.

"ಮೊದಲು ಹುಳಿ ಬರುತ್ತೆ," ಎಂದು ಶುರು ಮಾಡಿದಳು. "ನಿಂಬೆದಲ್ಲ, ಟೊಮ್ಯಾಟೋದು, ಮೆತ್ತಗೆ, ನಾಲಿಗೆ ತುದೀಲಿ. ಅದು ಹೋಗ್ತಿದ್ದ ಹಾಗೇ ಮೀನಿನ ಎಣ್ಣೆ ಅಂಗುಳಕ್ಕೆ ಹತ್ಕೊಳುತ್ತೆ. ಉಪ್ಪು ಒಂದು ಚಿಟಿಕೆ ಕಡಿಮೆ, ನಾಳೆಯಿಂದ ಸರಿ ಮಾಡು. ಮರಗೆಣಸು ಸ್ವಲ್ಪ ಸಿಹಿ. ಈರುಳ್ಳಿ ಖಾರ ಇಲ್ಲ, ಚುರುಕು. ಎಲ್ಲಾ ನುಂಗಾದ ಮೇಲೆ, ಮುಗೀತು ಅಂದ್ಕೊಂಡಾಗ, ಹಿಂದೆ ಗಂಟಲ ಹತ್ರ ಜೀರಿಗೆ ಬರುತ್ತೆ."

ಸೊಯ್ಲಾ ಮುಂದಕ್ಕೆ ಬಾಗಿದಳು.

"ಕೊನೇಲಾ? ನುಂಗಿದ ಮೇಲಾ?"

"ನುಂಗಿದ ಮೇಲೆ. ನಂದರಲ್ಲಿ ಹಾಗೆ ಬರಲ್ಲ. ಹೇಗೆ ತಂದ್ಯೋ ಗೊತ್ತಿಲ್ಲ."

"ನಮ್ಮಮ್ಮನದು ಅಲ್ಲೇ ಬರ್ತಿತ್ತು," ಎಂದಳು ಸೊಯ್ಲಾ.